ಅಕ್ಕಿ ಹೆಚ್ಚಾಗ್ಯಾವು

ಸರ್ಕಾರಕ್ಕೆ ಕಿವಿ ಮೂಡಿದ್ದು ಆ ವರ್ಷ.

ಅದಕ್ಕೂ ಮುಂಚೆ ನಿಯಮ ಮಾಡುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಕರಡನ್ನು ರಾಜ್ಯಪತ್ರದಲ್ಲಿ ಅಚ್ಚು ಹಾಕಿಸುವುದು. ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದು ತಳದಲ್ಲೊಂದು ಸಾಲು ಬರೆಯುವುದು. ಮೂವತ್ತು ದಿನ ಚಹಾ ಕುಡಿದು, ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ ಎಂದು ಮೊಹರು ಒತ್ತುವುದು. ಮಿಲ್ಲಿನಲ್ಲಿ ಮೂಟೆ ಹೊರುವವನು ರಾಜ್ಯಪತ್ರ ಎಲ್ಲಿ ಓದುತ್ತಾನೆ? ಓದಿದರೂ ಆ ಭಾಷೆ ಅವನಪ್ಪನಾಣೆಗೂ ಅವನಿಗೆ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಅದನ್ನು ಹಾಗೆ ಬರೆಯುತ್ತಿದ್ದರು.

ಆಮೇಲೆ ಹೊಸ ಕಾಯ್ದೆ ಬಂತು. ಜನರ ಬಾಯಿಂದ ಕೇಳದೆ ಯಾವ ಇಲಾಖೆಯೂ ನಿಯಮ ಮಾಡುವ ಹಾಗಿಲ್ಲ. ಮನೆಮನೆಗೂ ಅಂಗೈ ಅಗಲದ ಒಂದು ಡಬ್ಬಿ ಬಂತು. ಸರ್ಕಾರ ಅದಕ್ಕೆ 'ಜನಶ್ರವಣ' ಎಂದು ಹೆಸರಿಟ್ಟಿತು, ಜನ ಕಿವಿಡಬ್ಬಿ ಅಂದರು. ಹೆಂಗಸರು ಮನೆಯಲ್ಲಿ ಸಿಗುವುದು ಅಡಿಗೆ ಹೊತ್ತಿನಲ್ಲಿ ಎಂದು ಅದನ್ನು ಒಲೆಯ ಗೋಡೆಗೇ ತೂಗುಹಾಕಿದರು. ಸಂಜೆ ದೀಪ ಹಚ್ಚುವ ವೇಳೆಗೆ ಅದು ಬಾಯಿ ಬಿಡುತ್ತಿತ್ತು. ಇಂಥಾ ಕರಡು ಬಂದಿದೆ, ನೀವೇನಂತೀರಿ ಎಂದು ಕೇಳುತ್ತಿತ್ತು. ಲಕ್ಷಾಂತರ ಮನೆಗಳ ಮಾತು ಕೊಪ್ಪಳದ ಕಚೇರಿಯ ದೊಡ್ಡ ಯಂತ್ರಕ್ಕೆ ಹೋಗಿ ಬೀಳುತ್ತಿತ್ತು. ಅದು ಎಲ್ಲವನ್ನೂ ಜರಡಿ ಹಿಡಿದು, ಕೂಡಿಸಿ, ಕಳೆದು, ನಿಯಮದ ಕಲಮುಗಳನ್ನು ತಾನೇ ಬರೆದುಕೊಡುತ್ತಿತ್ತು. ರೇಷನ್ ಅಂಗಡಿಯವರ ಸುಳ್ಳು ಲೆಕ್ಕ ಯಾರಿಗೂ ಬೇಡವಾಗಿತ್ತು. ಧಾನ್ಯದ ವಿಷಯದಲ್ಲಂತೂ ಮನೆಯ ಹೆಂಗಸಿನ ಬಾಯಿಮಾತೇ ಅಂತಿಮ ಎಂದು ಕಾಯ್ದೆಯಲ್ಲೇ ಬರೆದಿದ್ದರು. ಕೇಳಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಒಳ್ಳೆಯ ಕಾಯ್ದೆ.

ಯಂಕೋಬ ಆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದು ಅವನ ನಾಲಿಗೆಯ ದೆಸೆಯಿಂದ. ಎಂಟನೇ ಇಯತ್ತೆಗೆ ಸಾಲೆ ಬಿಟ್ಟವನು, ಗಂಗಾವತಿಯ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕಲಿತವನು. ಸುತ್ತಲಿನ ತಾಲೂಕುಗಳ ಮಾತಿನ ಎಲ್ಲಾ ಓಟಗಳೂ ಅವನಿಗೆ ಬರುತ್ತಿದ್ದವು. ಯಂತ್ರಕ್ಕೆ ಯಾವುದಾದರೂ ಮಾತು ಬಗೆಹರಿಯದಿದ್ದರೆ ಅದು ಅವನ ಪರದೆಯ ಮೇಲೆ ಕೆಂಪಾಗಿ ಬಂದು ನಿಲ್ಲುತ್ತಿತ್ತು. ಅವನು ಕೇಳಿ, ಅರ್ಥ ಬರೆದು ಒತ್ತಬೇಕು. ಒಮ್ಮೆ ಒತ್ತಿದರೆ ಆ ಅರ್ಥ ಇಡೀ ಸೀಮೆಗೆ ಲಾಗೂ.

ಅವನ ಮೇಲಿದ್ದ ಎಂಜಿನಿಯರ್ ಪ್ರಫುಲ್ಲಾ ಮೇಡಂ ಮೈಸೂರು ಕಡೆಯವರು. ಕೆಟ್ಟವರೇನಲ್ಲ. ಅವನನ್ನು 'ಯಂಕೋಬ ಅವರೇ' ಎಂದು ಬಹುವಚನದಲ್ಲಿ ಕರೆದ ಮೊದಲ ಮನುಷ್ಯರು ಅವರೇ. ಹಾಗೆ ಕರೆಸಿಕೊಂಡ ದಿನ ಅವನು ತನ್ನ ಬಾಡಿಗೆ ಕೋಣೆಯ ಕನ್ನಡಿಯಲ್ಲಿ ಮುಖವನ್ನು ಬಹಳ ಹೊತ್ತು ನೋಡಿಕೊಂಡಿದ್ದ.

ವಿದ್ಯುತ್ತಿನ ನಿಯಮದ ಕರಡು ನಡೆದಿದ್ದಾಗ ಒಂದು ಮಾತು ಬಂತು. ಯಾರೋ ಮುದುಕಿ ಡಬ್ಬಿಯ ಮುಂದೆ, ಮಲಗುವ ಮುಂಚೆ ನಾವು ದೀಪ ದೊಡ್ಡದು ಮಾಡುತ್ತೇವೆ ಎಂದಿದ್ದಳು. ಯಂಕೋಬ ಅದಕ್ಕೆ 'ದೀಪ ಆರಿಸುತ್ತೇವೆ' ಎಂದು ಅರ್ಥ ಬರೆದ. ಮೇಡಂ ಕುರ್ಚಿ ಸರಿಸಿಕೊಂಡು ಬಂದು, ಇದು ಹೇಗೆ ಎಂದು ಕೇಳಿದರು. ದೀಪ ಆರಿಸು ಅನ್ನಬಾರದು ಮೇಡಂ, ಕೆಟ್ಟದ್ದು, ಅದಕ್ಕೇ ದೊಡ್ಡದು ಮಾಡು ಅಂತೀವಿ ಎಂದು ಅವನು ವಿವರಿಸಿದ.

"ಹಾಗಾದ್ರೆ ನಿಜವಾಗ್ಲೂ ದೊಡ್ಡದು ಮಾಡ್ಬೇಕಾದ್ರೆ ಏನಂತೀರಿ?" ಅಂದರು ಮೇಡಂ, ನಗುತ್ತಾ.

ಪಕ್ಕದ ಮೇಜಿನ ಹುಡುಗರೂ ನಕ್ಕರು. ಊಟದ ಹೊತ್ತಿಗೆ ಯಾರೋ ಒಬ್ಬ ಕೋಣೆಯ ಲೈಟು ಆರಿಸಲು ಎದ್ದು, ಯಂಕೋಬಣ್ಣ, ದೊಡ್ಡದು ಮಾಡ್ಲಾ ಎಂದು ಕೇಳಿದ. ಯಂಕೋಬನೂ ಹಲ್ಲು ಕಿರಿದ. ನಾಚಿಕೆಗೆ ಕಿವಿ ಮಾತ್ರ ಸಂಜೆಯವರೆಗೂ ಬಿಸಿಯಾಗಿದ್ದವು. ಈ ಹಾಳು ಮಾತು ಕಲಿಸಿದವರ ಮೇಲೆ ಸಿಟ್ಟು ಬಂತು. ಕಲಿಸಿದವಳು ಅವನ ಅತ್ತಿಗೆ ಹುಲಿಗೆಮ್ಮ. ತಾಯಿ ಸತ್ತ ಮೇಲೆ ಅವನನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು, ಅವನ ಬಾಯಿಗೆ ಅನ್ನವನ್ನೂ ಮಾತನ್ನೂ ಇಟ್ಟವಳು.

ಆ ನಗೆಯ ಉರಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಪರದೆಯ ಮೇಲೆ ಇನ್ನೊಂದು ಕೆಂಪು ಮಾತು ಬಂತು. ಧಾನ್ಯ ಹಂಚಿಕೆ ಪ್ರಾಧಿಕಾರ, ನಿಮ್ಮ ಮನೆಯಲ್ಲಿ ಧಾನ್ಯ ಹೇಗಿದೆ ಎಂದು ಡಬ್ಬಿಗಳಿಂದ ಕೇಳಿಸಿತ್ತು. ಮನೆಮನೆಯ ಹೆಂಗಸರು ಒಂದೇ ಮಾತು ಹೇಳಿದ್ದರು. ಅಕ್ಕಿ ಹೆಚ್ಚಾಗ್ಯಾವು. ಜ್ವಾಳ ಹೆಚ್ಚಾಗ್ಯಾವು.

ಯಂಕೋಬನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು? ಅವರ ಒಲೆಯ ಮುಂದೆ ಕೂತು ಬೆಳೆದವನು. ಗಡಿಗೆಯ ತಳ ಕಂಡಾಗ ಯಾವ ಹೆಣ್ಣುಮಗಳೂ ಅಕ್ಕಿ ಇಲ್ಲ ಅನ್ನುವುದಿಲ್ಲ. ಮುಸ್ಸಂಜೆ, ದೀಪದ ಮುಂದೆ, ಒಲೆಯ ಎದುರಿಗೆ, ಇಲ್ಲ, ತೀರಿತು ಅನ್ನುವ ಮಾತು ಬಾಯಿಂದ ಬರಬಾರದು. ಹೆಚ್ಚಾಗ್ಯಾವು ಅಂದರೆ ತೀರಿ ಹೋಗಿವೆ.

ಪ್ರಫುಲ್ಲಾ ಮೇಡಂ ಎರಡು ಮೇಜು ಆಚೆ ಕೂತಿದ್ದರು. ಅವರು ಮತ್ತೆ ಕುರ್ಚಿ ಸರಿಸಿಕೊಂಡು ಬರುವುದು, ಇದು ಹೇಗೆ ಎಂದು ಕೇಳುವುದು, ಹುಡುಗರು ಕತ್ತೆತ್ತಿ ನೋಡುವುದು, ಎಲ್ಲವೂ ಅವನ ಕಣ್ಣಿಗೆ ಕಟ್ಟಿತು. ಪುಸ್ತಕದಲ್ಲಿರುವ ಅರ್ಥವನ್ನೇ ಬರೆದರೆ ಯಾರು ಏನನ್ನುತ್ತಾರೆ? ಅವನು ಬರೆದ: 'ಅಧಿಕವಾಗಿದೆ, ಮಿಗಿಲಾಗಿದೆ.' ಒತ್ತಿದ. ಕೆಂಪು ಹಸಿರಾಯಿತು. ಯಾರೂ ನಗಲಿಲ್ಲ.

ವಾರದೊಳಗೆ ಯಂತ್ರ ಕರಡು ಬರೆದುಕೊಟ್ಟಿತು. ಧಾನ್ಯ ಹೆಚ್ಚಾಗಿರುವ ಮನೆಗಳ ವಿಷಯದಲ್ಲಿ ಪ್ರಾಧಿಕಾರವು ಸೂಕ್ತ ಕ್ರಮ ಜರುಗಿಸತಕ್ಕದ್ದು ಎಂಬುದು ಅದರ ಮುಖ್ಯ ಸಾಲು. ಆ ಸೂಕ್ತ ಕ್ರಮ ಏನೆಂದರೆ, ತಿಂಗಳ ಧಾನ್ಯದಲ್ಲಿ ಅರ್ಧವನ್ನು ಕಡಿದು ಬೇರೆ ಜಿಲ್ಲೆಗೆ ಕಳಿಸುವುದು. ಅದು ಹನ್ನೊಂದನೇ ಕಲಮಿನಲ್ಲಿತ್ತು. ಡಬ್ಬಿ ಕರಡನ್ನು ಓದುತ್ತಾ ಅಲ್ಲಿಗೆ ಬರುವ ಹೊತ್ತಿಗೆ ಹೆಂಗಸರು ಅನ್ನ ಬಸಿಯಲು ಎದ್ದಿರುತ್ತಿದ್ದರು.

ಹುಲಿಗೆಮ್ಮ ಸಡಗರದಿಂದ ಫೋನು ಮಾಡಿದಳು. ಮೊದಲ ಸಲ ಸರ್ಕಾರಕ್ಕೆ ನಮ್ಮ ಮಾತು ತಿಳಿದಿದೆ, ಹೆಚ್ಚಾಗಿರುವ ಮನೆಗಳಿಗೆ ಏನೋ ವ್ಯವಸ್ಥೆ ಮಾಡುತ್ತಾರಂತೆ, ನಮ್ಮ ಹಮಾಲರ ಕಾಲೊನಿಯವರೆಲ್ಲಾ ಒಪ್ಪಿಗೆ ಹೇಳಿದೆವು ಎಂದಳು. ನಮ್ಮ ಯಂಕೋಬ ಅಲ್ಲೇ ಇದ್ದಾನೆ, ಅವನೇ ತಿಳಿಸಿ ಹೇಳಿರಬೇಕು ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದಳಂತೆ.

ಅಲ್ಲೇ ಹೇಳಿಬಿಡಬಹುದಿತ್ತು. ಇನ್ನೂ ದಿನಗಳಿದ್ದವು. ಅವನು "ಹೂಂ ಅತ್ತಿಗಿ" ಅಂದ, ಅಷ್ಟೇ.

ಆಕ್ಷೇಪಣೆ ಒಂದೂ ಬರಲಿಲ್ಲ. ನಿಯಮ ಜಾರಿಯಾಯಿತು.

ಗಂಗಾವತಿಯ ಹಮಾಲರ ಕಾಲೊನಿಯ ಸುತ್ತ ಎಲ್ಲಿ ನೋಡಿದರೂ ಅಕ್ಕಿ ಗಿರಣಿಗಳು. ಹೊಟ್ಟಿನ ಧೂಳು ಅಲ್ಲಿಯ ಮನೆಗಳ ಸೂರಿನ ಮೇಲೆ, ಮಕ್ಕಳ ರೆಪ್ಪೆಯ ಮೇಲೆ ಕೂತಿರುತ್ತದೆ. ಆ ಧೂಳಿನ ನಡುವೆ ಅಕ್ಕಿಯಿಲ್ಲದ ಅಡಿಗೆಮನೆಗಳು. ಯಂಕೋಬ ರಜೆಗೆ ಹೋದಾಗ ಅಣ್ಣ ದುರುಗಪ್ಪ ಗೋಡೆಗೆ ಒರಗಿ ಕೂತಿದ್ದ. ಮೂಟೆ ಹೊರುವವನಿಗೆ ಹೊಟ್ಟೆ ತುಂಬದಿದ್ದರೆ ಮೊದಲು ಕೈಕೊಡುವುದು ಮೊಣಕಾಲು. ಹಿಂದಿನ ದಿನ ಲಾರಿಯ ಹಲಗೆಯ ಮೇಲೆ ಕುಸಿದಿದ್ದ. ಮೇಸ್ತ್ರಿ ಮನೆಗೆ ಕಳಿಸಿದ್ದ.

ಅತ್ತಿಗೆ ತಾಟು ತಂದಿಟ್ಟಳು. ಮೈದುನನಿಗೆ ಎರಡು ರೊಟ್ಟಿ, ಗಂಡನಿಗೆ ಒಂದೂವರೆ. ನಿನ್ನದು ಎಂದು ಕೇಳಿದರೆ ತಾನು ಆಗಲೇ ಉಂಡಿದ್ದೇನೆ ಎಂದಳು. ಅವಳ ತುಟಿ ಒಣಗಿ ಸೀಳಿತ್ತು. ದೀಪ ಹಚ್ಚಿದಳು. ಗೋಡೆಯ ಡಬ್ಬಿ ನಮಸ್ಕಾರ ಹೇಳಿ, ಧಾನ್ಯ ಹೇಗಿದೆ ಎಂದು ಕೇಳಿತು.

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಡಬ್ಬಿಯ ಹತ್ತಿರ ಹೋದಳು. ದೊಡ್ಡವರ ಮುಂದೆ ಅರಿಕೆ ಮಾಡುವ ದನಿಯಲ್ಲಿ, "ಅಕ್ಕಿ ಭಾಳ ಹೆಚ್ಚಾಗ್ಯಾವ್ರೀ. ಜ್ವಾಳನೂ ಹೆಚ್ಚಾಗ್ಯಾವು. ಎಲ್ಲಾ ಹೆಚ್ಚಾಗೈತಿ ನೋಡ್ರೆಪಾ" ಅಂದಳು.

ತಮ್ಮ ಮಾತು ದಾಖಲಾಗಿದೆ, ಧನ್ಯವಾದ ಎಂದಿತು ಡಬ್ಬಿ. ಯಂಕೋಬ ತನ್ನ ತಾಟಿನಲ್ಲಿ ಉಳಿದಿದ್ದ ರೊಟ್ಟಿಯನ್ನು ಅಣ್ಣನ ತಾಟಿಗೆ ಹಾಕಿದ.

ಮರುದಿನ ಕಚೇರಿಗೆ ಬಂದು ಗೋಡೆಯ ಮೇಲಿನ ನಕ್ಷೆಯನ್ನು ನೋಡಿದ. ಕೊರತೆಯಿರುವ ಊರು ಕೆಂಪು, ಹೆಚ್ಚುವರಿ ಇರುವುದು ಹಸಿರು. ಅವನ ಸೀಮೆ ಪೂರ್ತಿ ಹಸಿರಾಗಿತ್ತು, ದಿನದಿಂದ ದಿನಕ್ಕೆ ದಟ್ಟವಾಗುತ್ತಿತ್ತು. ಅರ್ಧ ಕಡಿದ ಮೇಲೆ ಹಸಿವು ಏರಿತ್ತು. ಹಸಿವು ಏರಿದಷ್ಟೂ ಹೆಂಗಸರು ಭಾಳ ಹೆಚ್ಚಾಗ್ಯಾವು ಎಂದು ಗೋಗರೆದಿದ್ದರು. ಅವರು ಗೋಗರೆದಷ್ಟೂ ಯಂತ್ರ, ಅರ್ಧ ಕಡಿದರೂ ಇವರಲ್ಲಿ ಉಕ್ಕಿ ಹರಿಯುತ್ತಿದೆ ಎಂದು ಲೆಕ್ಕ ಹಾಕಿತ್ತು. ಈಗ ಎರಡನೇ ಕರಡು ತಯಾರಾಗಿತ್ತು. ಉಳಿದ ಅರ್ಧವೂ ಬಂದ್.

ಜಂಟಿ ನಿರ್ದೇಶಕ ಇನಾಮದಾರ ಸಾಹೇಬರು ನಕ್ಷೆಯ ಮುಂದೆ ನಿಂತು, ಜನ ತಾವಾಗಿಯೇ ಸಾಕು ಅನ್ನುವುದನ್ನು ತಮ್ಮ ನೌಕರಿಯಲ್ಲೇ ನೋಡಿರಲಿಲ್ಲ ಎಂದು ಹೊಗಳಿದರು. ಕಾಯ್ದೆಯ ಪ್ರಕಾರ ಪೂರ್ತಿ ನಿಲ್ಲಿಸುವ ನಿಯಮಕ್ಕೆ ಡಬ್ಬಿಯ ಮಾತು ಸಾಲದು, ಬಹಿರಂಗ ಅಹವಾಲು ಆಗಲೇಬೇಕು. ಅದಕ್ಕೂ ತಾರೀಖು ಗೊತ್ತಾಯಿತು. ಅಹವಾಲಿನಲ್ಲಿ ಸಹಿ ಬಿದ್ದರೆ ಮುಗಿಯಿತು.

ಯಂಕೋಬ ತನ್ನ ಪರದೆಯಲ್ಲಿ ಆ ಹಳೆಯ ಅರ್ಥವನ್ನು ಹುಡುಕಿ ತೆಗೆದ. ತಿದ್ದಲು ಹೋದರೆ ಯಂತ್ರ ಹೆಸರು ಕೇಳಿತು, ಕಾರಣ ಕೇಳಿತು. ಬೇಕೆಂದೇ ತಪ್ಪು ಅರ್ಥ ಕೊಟ್ಟವರಿಗೆ ವಜಾ ಮತ್ತು ಜೈಲು ಎಂಬ ಕಲಮನ್ನೂ ತೋರಿಸಿತು. ಅವನು ಕಾರಣದ ಜಾಗದಲ್ಲಿ ಬೆರಳಿಟ್ಟು ಕೂತ. ನಕ್ಕಾರೆಂದು ಹೆದರಿ ನಿಜದ ಅರ್ಥ ಕೊಡಲಿಲ್ಲ ಎಂದು ಬರೆಯುವುದೇ? ಪರದೆ ಮುಚ್ಚಿದ.

ಮುಚ್ಚಿದ ಕೂಡಲೇ ಅವನಿಗೆ ಒಂದು ಹಂಚಿಕೆ ಹೊಳೆಯಿತು. ಅರ್ಥ ತಿದ್ದುವ ಬದಲು ಮಾತನ್ನೇ ತಿದ್ದಿದರೆ ಹೇಗೆ? ಕಾಲೊನಿಯ ಹೆಂಗಸರು ಅಹವಾಲಿಗೆ ಬಂದು, ಬಾಯಿಬಿಟ್ಟು ಇಲ್ಲ ಅಂದರೆ ಸಾಕು. ಯಾರ ತಪ್ಪೂ ಹೊರಬೀಳುವುದಿಲ್ಲ. ಹೇಡಿಗೆ ಹೊಳೆಯುವ ಉಪಾಯಗಳು ಯಾವಾಗಲೂ ಹೀಗೆಯೇ, ಎಲ್ಲರಿಗೂ ಒಳ್ಳೆಯದೆಂಬಂತೆ ಕಾಣುತ್ತವೆ.

ಊರಿಗೆ ಹೋಗಿ ಅತ್ತಿಗೆಯನ್ನು ಹಿತ್ತಲಿಗೆ ಕರೆದ. ಯಂತ್ರಕ್ಕೆ ನಮ್ಮ ಮಾತು ತಿಳಿದಿಲ್ಲ, ಹೆಚ್ಚಾಗ್ಯಾವು ಅಂದರೆ ಜಾಸ್ತಿ ಇದೆ ಎಂದು ಬರೆದುಕೊಳ್ಳುತ್ತದೆ ಎಂದು ಹೇಳಿದ. ಹೇಗೆ ಹಾಗಾಯಿತು ಎಂಬುದನ್ನು ಹೇಳಲಿಲ್ಲ. ಹುಲಿಗೆಮ್ಮ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಇಷ್ಟು ದಿನ ತನ್ನ ಕೈಯಾರೆ ತನ್ನ ಗಂಡನ ತುತ್ತು ಕಿತ್ತುಕೊಂಡೆನೇ ಎಂದು ತಲೆಗೆ ಬಡಿದುಕೊಂಡಳು. ತಪ್ಪೆಲ್ಲಾ ತನ್ನದೇ ಎಂಬಂತೆ ಅತ್ತಳು. ಅವನು ಅಳಗೊಟ್ಟ.

ಅಹವಾಲಿಗೆ ಬಂದು ಅಕ್ಕಿ ಇಲ್ಲ ಎಂದು ಹೇಳಬೇಕು ಅಂದಾಗ ಮಾತ್ರ ಅವಳು ಕಣ್ಣೊರೆಸಿಕೊಂಡು ತಲೆ ಅಲ್ಲಾಡಿಸಿದಳು.

"ಅದೊಂದ ಬ್ಯಾಡ ತಮ್ಮಾ. ಬೇರೆ ಏನರ ಹೇಳು."

ಇದೆಲ್ಲಾ ಮೂಢನಂಬಿಕೆ ಎಂದು ಅವನು ಸಿಡುಕಿದ. ಕಚೇರಿಯಲ್ಲಿ ಕಲಿತ ಪದ. ಆಗ ಅವಳು ಎಂದೂ ಆಡದ ಮಾತು ಆಡಿದಳು. ಅವಳಿಗೆ ಮೊದಲೊಂದು ಹೆಣ್ಣುಕೂಸು ಇತ್ತೆಂದು ಅವನಿಗೆ ಗೊತ್ತಿತ್ತು, ಅಷ್ಟೇ. ಎದೆ ಬತ್ತಿದ ದಿನಗಳಲ್ಲಿ ಕೂಸು ಅತ್ತೂ ಅತ್ತೂ ಸಾಕು ಮಾಡಿದಾಗ, ಒಂದು ಮುಸ್ಸಂಜೆ ಅವಳು ರೇಗಿ ಅದರ ಮುಖಕ್ಕೇ ಅಂದಿದ್ದಳಂತೆ. "ಹಾಲಿಲ್ಲ, ಏನೂ ಇಲ್ಲ ನನ್ನ ಹಂತ್ಯಾಕ ಅಂದೆ. ಸುಮ್ಮಗಾತು. ಆಮ್ಯಾಲ ಅಳಲೇ ಇಲ್ಲ ಅದು." ಜ್ವರದಿಂದ ಹೋಯಿತೆಂದು ಡಾಕ್ಟರು ಅಂದರು. ಅವಳಿಗೆ ಗೊತ್ತಿದ್ದದ್ದೇ ಬೇರೆ. ಅವತ್ತಿನಿಂದ ಅವಳ ಬಾಯಲ್ಲಿ ಆ ಶಬ್ದ ಬಂದಿರಲಿಲ್ಲ.

ಅಲ್ಲಾದರೂ ಬಿಡಬೇಕಿತ್ತು ಅವನು. ಬಿಡಲಿಲ್ಲ. ಅಣ್ಣನ ಮೊಣಕಾಲು ತೋರಿಸಿದ. ಕಾಲೊನಿಯ ಮಕ್ಕಳ ಹೆಸರು ಹಿಡಿದು ಹೇಳಿದ. ನೀನು ಅಂದರೆ ಉಳಿದವರೂ ಅನ್ನುತ್ತಾರೆ ಎಂದ. ಹುಲಿಗೆಮ್ಮ ಬಾವಿಯ ಕಟ್ಟೆಯಿಂದ ಎದ್ದಳು. ಒಲೆಯ ಮುಂದೆ ಅಲ್ಲವಲ್ಲ, ಊರಾಚೆಯ ಕಚೇರಿಯಲ್ಲಿ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಪ್ಪಿದಳು.

ಅಹವಾಲು ಕೊಪ್ಪಳದ ಕಚೇರಿಯ ಸಭಾಂಗಣದಲ್ಲಿ ನಡೆಯಿತು. ವೇದಿಕೆಯ ಮೇಲೆ ಇನಾಮದಾರ ಸಾಹೇಬರು, ಪಕ್ಕದಲ್ಲಿ ಪ್ರಫುಲ್ಲಾ ಮೇಡಂ, ಹಿಂದೆ ಆ ದಟ್ಟ ಹಸಿರು ನಕ್ಷೆ. ಯಂಕೋಬ ಪಕ್ಕದ ಗೋಡೆಗೆ ತನ್ನ ಪರದೆ ಇಟ್ಟುಕೊಂಡು ಕೂತಿದ್ದ. ಕಾಲೊನಿಯ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಬಂದು ಮುಂದಿನ ಸಾಲಿನ ತುದಿಯಲ್ಲಿ ಮುದುರಿ ಕೂತರು.

ಹುಲಿಗೆಮ್ಮನ ಹೆಸರು ಕೂಗಿದರು. ಅವಳು ಮೈಕಿನ ಮುಂದೆ ನಿಂತಳು. ಯಂಕೋಬ ಅವಳ ಕಡೆ ನೋಡಲಾರದೆ ಮೈಕಿನ ತಂತಿಯನ್ನು ನೋಡುತ್ತಾ ಕೂತ. ಅವಳು ಎಡಗೈಯಿಂದ ತಾಳಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಮ್ಮ ಮನ್ಯಾಗ ಅಕ್ಕಿ ಇಲ್ರೀ," ಅಂದಳು. ಆಮೇಲೆ, ಒಂದು ಸಲ ಅಂದದ್ದಾಯಿತಲ್ಲ ಎಂಬಂತೆ, "ಏನೂ ಇಲ್ರೀ."

ಅವಳ ಹಿಂದೆ ಕೂತ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ಯಂತ್ರಕ್ಕೆ ತಡವಾಗಲಿಲ್ಲ. ಸದರಿ ಮಹಿಳೆಯು ಈ ಹಿಂದೆ ಪ್ರತಿ ಸಂಜೆ ತನ್ನ ಮನೆಯಲ್ಲಿ ಧಾನ್ಯ ಅಧಿಕವಾಗಿದೆ ಎಂದು ಸ್ವಯಂ ಹೇಳಿಕೆ ನೀಡಿರುತ್ತಾರೆ, ಇಂದಿನ ಹೇಳಿಕೆಯು ಅದಕ್ಕೆ ವಿರುದ್ಧವಾಗಿದ್ದು ಅನ್ಯರ ಪ್ರೇರಣೆಯಿಂದ ಕೂಡಿದೆ, ಪರಿಗಣಿಸತಕ್ಕದ್ದಲ್ಲ ಎಂದು ಸ್ಪಷ್ಟ ಕನ್ನಡದಲ್ಲಿ ಓದಿತು. ಪ್ರೇರಣೆ ಎಂಬುದಂತೂ ನಿಜವೇ ಆಗಿತ್ತು. ಇನಾಮದಾರ ಸಾಹೇಬರು ಮುಖ ಗಂಟಿಕ್ಕಿ, ಸುಳ್ಳು ಹೇಳಿಕೆ ಕೊಟ್ಟರೆ ಕಾರ್ಡೇ ರದ್ದಾಗುತ್ತದಮ್ಮಾ ಎಂದು ಎಚ್ಚರಿಸಿ, ಮುಂದಿನವರನ್ನು ಕರೆಯಲು ಕೈಸನ್ನೆ ಮಾಡಿದರು. ಹುಲಿಗೆಮ್ಮ ಮೈಕು ಬಿಟ್ಟು ಸರಿಯಲಿಲ್ಲ. ಯಾವ ಸುಳ್ಳು ಎಂದು ತಿಳಿಯದೆ ಯಂಕೋಬನತ್ತ ತಿರುಗಿ ನೋಡಿದಳು.

ಅವನು ಎದ್ದು ನಿಂತ. ಧೈರ್ಯ ಬಂದು ಎದ್ದದ್ದಲ್ಲ. ಆ ನೋಟದ ಕೆಳಗೆ ಕೂತಿರಲು ಆಗಲಿಲ್ಲ.

"ಸಾಹೇಬ್ರ, ಆಕಿ ಸುಳ್ಳ ಹೇಳಿಲ್ರೀ. ಹೆಚ್ಚಾಗ್ಯಾವು ಅಂದ್ರ ನಮ್ಮ ಕಡೆ ತೀರ್ಯಾವು ಅಂತ. ಅರ್ಥ ತಪ್ಪ ಬರದಾಂವ ನಾನು. ಗೊತ್ತಿದ್ದೇ ಬರದೀನಿ."

ಸಾಹೇಬರು ಮೊದಲು ನಂಬಲಿಲ್ಲ. ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರೇ ತಲೆಯಾಡಿಸಿದರು. ಯಾರೋ ಗುಮಾಸ್ತ, ಹೌದು ಸಾರ್, ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಾರೆ ಎಂದು ಹಿಂದಿನಿಂದ ಗೊಣಗಿದ. ಅಷ್ಟು ದಿನ ಅವನಿಗೂ ಬಾಯಿರಲಿಲ್ಲ. ಪ್ರಫುಲ್ಲಾ ಮೇಡಂ ಬಿಳಿಚಿಕೊಂಡು ಎದ್ದರು.

"ನಂಗೊಂದು ಮಾತು ಹೇಳ್ಬಹುದಿತ್ತಲ್ಲ ಯಂಕೋಬ ಅವರೇ. ಯಾಕೆ ಹೇಳ್ಲಿಲ್ಲ?"

"ನೀವು ನಕ್ಕಿದ್ರಿ, ಮೇಡಂ."

"ಯಾವಾಗ?" ಅಂದರು ಅವರು.

ಅವರಿಗೆ ನೆನಪೇ ಇರಲಿಲ್ಲ. ಅವರ ಮುಖದಲ್ಲಿ ಸುಳ್ಳಿನ ಗೆರೆಯೂ ಇರಲಿಲ್ಲ. ಮೂರು ಕಾಸಿನ ಒಂದು ನಗೆ, ನಕ್ಕವರು ಅದೇ ಗಳಿಗೆಯಲ್ಲಿ ಮರೆತದ್ದು. ಅದನ್ನು ಅವನು ಇಡೀ ಸೀಮೆಯ ಅಡಿಗೆಮನೆಗಳಿಗಿಂತ ಭಾರವೆಂದು ತೂಗಿದ್ದ.

ಎರಡನೇ ಕರಡನ್ನು ಅಲ್ಲೇ ತಡೆಹಿಡಿದರು. ಕಡಿದ ಅರ್ಧವನ್ನು ಮರಳಿ ಕೊಡಲು ಹೊಸ ನಿಯಮ ಬೇಕು. ಅದರ ಕರಡು ಪ್ರಕಟವಾಗಬೇಕು, ಜನರಿಂದ ಆಕ್ಷೇಪಣೆ ಕೇಳಬೇಕು, ಅಲ್ಲಿಯವರೆಗೆ ಇದ್ದದ್ದೇ ನಡೆಯುತ್ತದೆ ಎಂದು ಸಾಹೇಬರು ವಿವರಿಸಿದರು. ಅನ್ನ ಕೊಡುವುದಕ್ಕೆ ಯಾರ ಆಕ್ಷೇಪಣೆ ಎಂದು ಕೇಳಲು ಹೆಂಗಸರಿಗೆ ತಿಳಿಯಲಿಲ್ಲ. ಯಂಕೋಬನಿಗೆ ಕೇಳುವ ಮುಖವಿರಲಿಲ್ಲ. ಅವನ ಗುರುತಿನ ಚೀಟಿ ಇಸಿದುಕೊಂಡು, ಪೊಲೀಸಿನವರು ಬರುವ ತನಕ ಆವರಣ ಬಿಟ್ಟು ಹೋಗಕೂಡದು ಎಂದರು.

ಹೆಂಗಸರನ್ನು ಕರೆತಂದಿದ್ದ ಟೆಂಪೊ ಗೇಟಿನ ಹೊರಗೆ ನಿಂತಿತ್ತು. ಬಿಸಿಲು ಇಳಿದಿತ್ತು. ಒಬ್ಬೊಬ್ಬರೇ ಹತ್ತಿದರು, ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಲಿಗೆಮ್ಮ ಕೊನೆಗೆ ಉಳಿದಳು. ಗೇಟಿನ ಸರಳುಗಳ ಆಚೆ ನಿಂತು, ಮಗುವಿಗೆ ಪಾಠ ಒಪ್ಪಿಸು ಎಂದು ಹೇಳುವ ದನಿಯಲ್ಲಿ ಕೇಳಿದಳು.

"ಮೊದಲ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು ಅತ್ತಿಗಿ."

"ನೀನ ಎದ್ದು ಹೇಳಿದ ಕೂಡ್ಲೇ ಅವರು ನಂಬಿದ್ರಲ್ಲ."

"ಹೂಂ."

"ಮತ್ತ ನನ್ನ ಬಾಯಿಲೆ ಯಾಕ ಅನ್ನಿಸಿದಿ?"

ಅವನ ಬಳಿ ಉತ್ತರ ಇರಲಿಲ್ಲ ಎನ್ನುವುದು ಸುಳ್ಳು. ಉತ್ತರ ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ನೌಕರಿ ಉಳಿಯಲಿ ಅಂತ. ನನ್ನನ್ನು ಯಾರೂ ಬಹುವಚನದಿಂದ ಇಳಿಸದಿರಲಿ ಅಂತ. ಅದನ್ನು ಹೇಳದೆ ಅವನು ಗೇಟಿನ ಸರಳು ಹಿಡಿದುಕೊಂಡ. ಮನೆಯಲ್ಲಿ ಗೋಡೆಗೆ ಒರಗಿದ ದುರುಗಪ್ಪನಿಗೆ ಇನ್ನು ಏನೇ ಆಗಲಿ, ಒಂದು ನೆಗಡಿ ಬಂದರೂ ಸಾಕು, ಅವಳು ಅದನ್ನು ಇವತ್ತಿನ ಮಾತಿನ ಲೆಕ್ಕಕ್ಕೇ ಬರೆದುಕೊಳ್ಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಯಾವ ಡಾಕ್ಟರು ಏನು ಹೇಳಿದರೂ, ಯಾವ ನಿಯಮ ಬಂದರೂ ಅದು ಅಳಿಯುವುದಲ್ಲ.

ಟೆಂಪೊದವನು ಹಾರನ್ ಒತ್ತಿದ. ಹುಲಿಗೆಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಅವನ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿದಳು.

"ಹೋಗ್ತೀನಿ" ಅಂದಳು.

ಬರ್ತೀನಿ ಅನ್ನಲಿಲ್ಲ.